ಅಜ್ಜ ತಪ್ಪಿಸಿಕೊಂಡ ಗಾಳಿ

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕರೆಂಟ್ ಅಂದರೆ ಬೆಂಗಳೂರು ಸೇರಿದ ಮಗ ಇದ್ದ ಹಾಗೆ. ಬರುತ್ತಾನೆ ಅಂತ ಗೊತ್ತು, ಯಾವಾಗ ಅಂತ ಕೇಳಬಾರದು. ಲಿಂಗನಮಕ್ಕಿಯಿಂದ ಇಳಿದ ಶರಾವತಿ ನೀರು 1,035 ಮೆಗಾವ್ಯಾಟ್‌ನ ವಿದ್ಯುದಾಗಾರ ತಿರುಗಿಸುತ್ತದೆ. ನಮ್ಮ ಮನೆಗೆ ಬರುವ ತಂತಿಯ ಮೇಲೆ ಮಾತ್ರ ಆರಿದ್ರಾ ಮಳೆಗೆ ಸರಿಯಾಗಿ ಒಂದು ಅಕೇಶಿಯಾ ಬೀಳುತ್ತದೆ. ಸೋಲಾರ್ ಹಾಕಿಸಿದ್ದೇವೆ. ಮಾರ್ಚಿನಲ್ಲಿ ಅದು ಭರ್ಜರಿ, ಜುಲೈಯಲ್ಲಿ ಅದರ ಮೇಲೆ ಪಾಚಿ.

ಹೀಗಿರುವಾಗ ಚಿತ್ರದುರ್ಗದಿಂದ ಭಾವ ಬಂದರು. ಅವರ ಊರಿನ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದರಿಂದ, ಅವೆಲ್ಲ ತಾವೇ ನೆಟ್ಟು ನೀರು ಹಾಕಿದ್ದು ಎಂಬಂತೆ ಮಾತಾಡುವುದು ಅವರ ಅಭ್ಯಾಸ. "ಬಿಸಿಲಿಲ್ಲದಾಗ ಗಾಳಿ ಇರ್ತದೆ ಭಾವಾ, ನಿಮ್ಮಲ್ಲಿ ಆಷಾಢದ ಗಾಳಿ ಸುಮ್ಮನೆ ವೇಸ್ಟ್ ಆಗ್ತಿದೆ" ಅಂದು ಮೊಬೈಲಿನಲ್ಲಿ ಒಂದು ಪುಟ್ಟ ಗಾಳಿಯಂತ್ರ ತೋರಿಸಿದರು. ನಾನೂರು ವ್ಯಾಟ್, ಇಪ್ಪತ್ತೆಂಟು ಸಾವಿರ ರೂಪಾಯಿ. ಚಿತ್ರದಲ್ಲಿ ಅದು ಸಮುದ್ರದಂಡೆಯ ಬಿಳಿ ಮನೆಯ ಮೇಲೆ ತಿರುಗುತ್ತಿತ್ತು. ಆ ಮನೆಯ ಸುತ್ತ ಒಂದೂ ಮರ ಇರಲಿಲ್ಲ. ನಾನು ಆಗ ಮನೆಯನ್ನು ನೋಡಿದೆ, ಮರ ಇಲ್ಲದ್ದನ್ನು ನೋಡಲಿಲ್ಲ.

"ಕರೆಂಟ್ ಬಿಲ್ಲೇ ಬರ್ತಿಲ್ವಲ್ಲ, ಇದೆಂತಕ್ಕೆ?" ಅಂದಳು ಹೆಂಡತಿ. 2023ರಿಂದ ಗೃಹಜ್ಯೋತಿಯ ಕೃಪೆ, ನಮ್ಮ ಬಿಲ್ಲು ಸೊನ್ನೆ. ಬಿಲ್ಲು ಸೊನ್ನೆ ಆಗಿರುವುದು ಬೇರೆ, ದೀಪ ಸೊನ್ನೆ ಆಗಿರುವುದು ಬೇರೆ ಎಂದು ವಾದಿಸಿ, ಯಂತ್ರಕ್ಕೆ ಮೊದಲು ಗಾಳಿ ಅಳೆಯುವ ಕೈಮೀಟರ್ ಒಂದನ್ನು ತರಿಸಿದೆ. ಜೀವನದಲ್ಲಿ ನಾನು ಮಾಡಿದ ಏಕೈಕ ಜಾಣತನದ ಖರೀದಿ ಅದು. ಅದನ್ನು ಬಳಸಿದ ರೀತಿ ಆ ಲೆಕ್ಕಕ್ಕೆ ಬರುವುದಿಲ್ಲ.

ಅಂಗಳದಲ್ಲಿ ಹಿಡಿದೆ, ಸೊನ್ನೆ. ಉಫ್ ಅಂತ ಊದಿದೆ, ತಿರುಗಿತು. ಮೀಟರ್ ಸರಿಯಿದೆ, ಗಾಳಿ ಮೇಲಿದೆ ಎಂದು ತೀರ್ಮಾನಿಸಿ, ಅಡಿಕೆಗೆ ಔಷಧಿ ಹೊಡೆಯುವ ಅರವತ್ತಡಿ ದೋಟಿಯ ತುದಿಗೆ ಅದನ್ನು ಕಟ್ಟಿದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗಾರ ದೋಟಿ ಎತ್ತಿ ಹಿಡಿದ. ಮೇಲೆ ಬಟ್ಟಲುಗಳು ತಿರುಗುವುದು ಕಂಡಿತು. ಅಂಕಿ ಕಾಣುವುದು ಹೇಗೆ? ಇಳಿಸಿದರೆ ಸೊನ್ನೆ. ಸರಿ, ಮೀಟರಿನ ಮುಂದೆ ನನ್ನ ಮೊಬೈಲನ್ನೂ ವಿಡಿಯೋ ಹಚ್ಚಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿದೆ. ದೋಟಿ ಏರಿತು, ಬಳುಕಿತು. ಮೊಬೈಲ್ ಎರಡು ಸೆಕೆಂಡ್ ಆಕಾಶದಲ್ಲಿ ನಿಂತು ನೇರ ಗೊಬ್ಬರದ ಗುಂಡಿಗೆ ಬಿತ್ತು. ತೆಗೆದು ತೊಳೆದು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಆ ಅಕ್ಕಿಯ ಅನ್ನ ಯಾರೂ ಉಣ್ಣಲಿಲ್ಲ. ಸಂಜೆ ಕಾಲೇಜಿನಿಂದ ಬಂದ ಮಗಳು ಮೀಟರಿನ ಪಕ್ಕದ ಗುಂಡಿಯೊಂದನ್ನು ಒತ್ತಿ, "ಅಪ್ಪಯ್ಯ, ಇದರಲ್ಲಿ ಅತಿ ಹೆಚ್ಚು ಎಷ್ಟು ಬಂತು ಅಂತ ಅದೇ ನೆನಪಿಟ್ಟುಕೊಳ್ತದೆ" ಅಂದಳು.

ನೆನಪಿಟ್ಟುಕೊಂಡದ್ದು ಸೆಕೆಂಡಿಗೆ ಮೂರು ಮೀಟರ್.

ಪರವಾಗಿಲ್ಲ ಅನ್ನಿಸಿತು. ಯಂತ್ರದ ನಾನೂರು ವ್ಯಾಟ್ ಹನ್ನೆರಡು ಮೀಟರ್ ವೇಗಕ್ಕೆ. ನಮ್ಮದು ಮೂರು, ಅಂದರೆ ಕಾಲು ಪಾಲು, ನೂರು ವ್ಯಾಟ್ ಸಾಕಪ್ಪ ಅಂತ ಲೆಕ್ಕ ಹಾಕಿದೆ. ಮಗಳು ಕಾಗದ ಕಸಿದುಕೊಂಡಳು. ಗಾಳಿಯ ಶಕ್ತಿ ವೇಗದ ಘನದಂತೆ ಏರುತ್ತದೆ, ಇಳಿಯುವುದೂ ಹಾಗೆಯೇ. ವೇಗ ಕಾಲು ಪಾಲಾದರೆ ಶಕ್ತಿ 4×4×4, ಅಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು. ಆರು ವ್ಯಾಟ್! ನಮ್ಮ ಬಚ್ಚಲಿನ ಬಲ್ಬೇ ಒಂಬತ್ತು ವ್ಯಾಟಿನದು. ವರ್ಷವಿಡೀ ಹಗಲೂ ರಾತ್ರಿ ಈ ಗಾಳಿ ನಿಲ್ಲದೆ ಬೀಸಿದರೂ 52 ಯೂನಿಟ್. ಅದೂ ಅತಿ ಹೆಚ್ಚಿನ ಗಾಳಿ ದಿನಾ ಬೀಸಿದರೆ. ಮೂರು ಮೀಟರಿಗೆ ಇಂಥ ಯಂತ್ರಗಳು ಆಗಷ್ಟೇ ಕಣ್ಣು ಬಿಡುತ್ತವಂತೆ.

ಇನ್ನೊಂದು ನಿಯಮ ಮಗಳು ಓದಿದಳು: ಸುತ್ತ ಐನೂರು ಅಡಿಯೊಳಗಿನ ಯಾವುದೇ ಅಡ್ಡಕ್ಕಿಂತ ಯಂತ್ರ ಮೂವತ್ತು ಅಡಿ ಮೇಲಿರಬೇಕು, ಇಲ್ಲದಿದ್ದರೆ ಮರಗಳ ಹಿಂದೆ ಸುಳಿಗಾಳಿಯೇ ಗತಿ. ನಮ್ಮ ಅಡಿಕೆ ಮರ ಅರವತ್ತಡಿ. ತೊಂಬತ್ತಡಿ ಕಂಬ ನೆಡಿಸುವ ದುಡ್ಡಿದ್ದರೆ ನಾನು ಕರೆಂಟಿಲ್ಲದ ಊರಲ್ಲಿ ಯಾಕಿರುತ್ತಿದ್ದೆ?

ಕೊನೆಗಾರ ದೋಟಿ ಮಡಚುತ್ತಾ ಅಂದ: "ನನ್ನ ಕೇಳಿದ್ರೆ ಆಗಿತ್ತಲ್ಲ ಹೆಗ್ಡೇರೆ. ಮೂವತ್ತು ವರ್ಷ ಈ ಮರದ ತಲೆ ಮೇಲೇ ಕೂತಿದೀನಿ. ಮಳೆಗೆ ರಜೆ ಹಾಕಿದ್ದುಂಟು, ಗಾಳಿಗೆ ಹಾಕಿದ್ದಿಲ್ಲ. ನಿಮ್ಮಜ್ಜ ಗಾಳಿ ಬ್ಯಾಡ ಅಂತಾನೇ ಈ ಕುಳಿಯಾಗೆ ಮನೆ ಕಟ್ಟಿದ್ದು."

ಹೌದಲ್ಲ! ಹೆಂಚು ಹಾರಬಾರದು, ಅಡಿಕೆ ಮುರಿಯಬಾರದು ಅಂತ ಮೂರು ಗುಡ್ಡದ ನಡುವೆ ಜಾಗ ಹುಡುಕಿ, ಪಡುವಣಕ್ಕೆ ಹಲಸು ನೆಟ್ಟು, ಮೇಲೆ ಸೋಗೆ ತಟ್ಟಿ ಕಟ್ಟಿದ ಮಹಾನುಭಾವ ಅಜ್ಜ. ಇಲ್ಲಿ ಸಿಗುವುದು ನೀರೇ. ಪಕ್ಕದ ಕೇರಿಯವರು ಹಳ್ಳಕ್ಕೆ ಪೈಪು ಹಾಕಿ ಒಂದು ಕಿಲೋವಾಟಿನ ಪುಟ್ಟ ಯಂತ್ರ ತಿರುಗಿಸಿ, ಇಡೀ ಮಳೆಗಾಲ ಟಿವಿ ನೋಡುತ್ತಾರೆ. ನಮ್ಮ ಹಳ್ಳ ಮಾತ್ರ ಮನೆಗಿಂತ ಕೆಳಗೆ, ಸಮತಟ್ಟಾಗಿ, ಮಲಗಿದಲ್ಲೇ ಹರಿಯುತ್ತದೆ.

ಆದರೂ ಹನ್ನೆರಡು ಮೀಟರ್ ಗಾಳಿ ಅಂದರೆ ಹೇಗಿರುತ್ತದೆ ಎಂಬ ಕುತೂಹಲ ಹೋಗಲಿಲ್ಲ. 1805ರಲ್ಲಿ ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಹಡಗಿನವರಿಗಾಗಿ ಮಾಡಿದ ಗಾಳಿಯ ಪಟ್ಟಿಯನ್ನು ಆಮೇಲೆ ನೆಲದವರಿಗೂ ಹೊಂದಿಸಿದ್ದಾರೆ. ಅದರ ಆರನೇ ಮೆಟ್ಟಿಲಿನಲ್ಲಿ ಹನ್ನೆರಡು ಮೀಟರ್ ಬರುತ್ತದೆ. ಗುರುತು, ದೊಡ್ಡ ಕೊಂಬೆಗಳು ಆಡುತ್ತವೆ, ಕೊಡೆ ಹಿಡಿಯುವುದು ಕಷ್ಟ.

ಪುನರ್ವಸು ಮಳೆಯಲ್ಲಿ ಒಂದು ಸಂಜೆ ಗುಡ್ಡದ ಮೇಲಿನ ಬಸ್‌ಸ್ಟಾಪಿನಲ್ಲಿ ಇಳಿದೆ. ಕೊಡೆ ಬಿಚ್ಚಿದ್ದೇ ತಡ, ರಪ್ಪನೆ ಮೇಲ್ಮುಖವಾಗಿ ತಾವರೆ ಹೂವಾಯಿತು, ಕಡ್ಡಿಗಳೆಲ್ಲ ಆಕಾಶ ನೋಡಿದವು. ಆರನೇ ಮೆಟ್ಟಿಲು! ನಾನೂರು ವ್ಯಾಟ್! ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂತ ಹೆಂಡತಿಗೆ ಹೇಳಬೇಕೆಂದು, ಮುರಿದ ಕೊಡೆಯನ್ನೇ ಸಾಕ್ಷಿಗೆ ಹಿಡಿದುಕೊಂಡು, ತೊಪ್ಪೆಯಾಗಿ ಕಾಲುದಾರಿಯಲ್ಲಿ ಇಳಿದು ಓಡಿದೆ.

ಕರೆಂಟ್ ಹೋಗಿತ್ತು. ತೆರೆದ ಜಗಲಿಯಲ್ಲಿ ಹೆಂಡತಿ ಮೇಣದಬತ್ತಿ ಹಚ್ಚಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಕೊಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಬತ್ತಿಯ ಕುಡಿ ಅಲುಗದೆ ನೆಟ್ಟಗೆ ಉರಿಯುತ್ತಿತ್ತು.