ಸ್ಪಷ್ಟನೆ: ಎಂಬಿಬಿಎಸ್ ಸೀಟಿಗೆ ಸಂದರ್ಶನ ಇಲ್ಲ

"ಕಾರವಾರದ ಕ್ರಿಮ್ಸ್‌ನಲ್ಲಿ (ಸರ್ಕಾರಿ ವೈದ್ಯಕೀಯ ಕಾಲೇಜು) ಸೀಟು ಬೇಕಾದರೆ ಸಂದರ್ಶನ ಪಾಸಾಗಬೇಕು, ಈಗಲೇ ತರಬೇತಿಗೆ ಸೇರಿ" ಎಂಬ ಸಂದೇಶ ಶಿರಸಿ, ಕುಮಟಾ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು, ದುಡ್ಡು ಕಟ್ಟಬೇಡಿ. ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ರ್‍ಯಾಂಕ್, ಮೀಸಲಾತಿ, ನೀವು ಕೊಟ್ಟ ಆಯ್ಕೆಗಳ ಕ್ರಮ ನೋಡಿ ರಾಜ್ಯ ಕೋಟಾದ ಸೀಟನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಅಖಿಲ ಭಾರತ ಕೋಟಾಕ್ಕೆ ಹೋಗುವ ಶೇ. 15 ಸೀಟನ್ನು ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತವೆ. ಸಂದರ್ಶನದ ಪದ್ಧತಿ ಬ್ರಿಟನ್, ಕೆನಡಾದಂಥ ಕಡೆಯದು.

ನಮ್ಮ ಮಕ್ಕಳು ಎಡವುವುದು ದಾಖಲೆ ಪರಿಶೀಲನೆಯಲ್ಲಿ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದೇ ಸಾಲದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಎರಡು ಶಾಲೆಯಲ್ಲಿ ಓದಿದವರು ಎರಡೂ ಕಡೆಯಿಂದ ತರಬೇಕು. ಜಾತಿ ಪ್ರಮಾಣಪತ್ರದ ಮೇಲೆ RD ಎಂದು ಶುರುವಾಗುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವಾಗ ಒಂದೊಂದೇ ಅಂಕಿ ತಾಳೆ ನೋಡಿ.