ರಜೆ ಪಟ್ಟಿಗೂ ಅದೇ ಬೇಸ್ ಕ್ಲಾಸಾ?

ಇವತ್ತಿನ ಕೋಡ್ ರಿವ್ಯೂನಲ್ಲಿ ಮತ್ತೆ ಅದೇ ಗೋಳು. ಶೇರ್‌ಪಾಯಿಂಟ್ (ಆಫೀಸಿನ ಒಳಗಿನ ಸೈಟ್‌ಗಳಿಗೆ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್) ಪೋರ್ಟಲ್‌ಗೆ ಒಂದು ಪುಟ್ಟ ವೆಬ್‌ಪಾರ್ಟ್, ಅಂದ್ರೆ ಪೇಜಿನಲ್ಲಿ ಕೂರಿಸೋ ಒಂದು ತುಂಡು. ಈ ವರ್ಷದ ರಜೆ ಪಟ್ಟಿ ತೋರಿಸಬೇಕು, ಅಷ್ಟೇ. ಅದಕ್ಕೆ ಬೇಸ್ ಕ್ಲಾಸು (ನಮ್ಮ ಕ್ಲಾಸು ಗುಣಗಳನ್ನ ಪಡೆಯೋ ಮೂಲ ಕ್ಲಾಸು) ಮೈಕ್ರೋಸಾಫ್ಟ್.ಶೇರ್‌ಪಾಯಿಂಟ್.ವೆಬ್‌ಪಾರ್ಟ್‌ಪೇಜಸ್‌ನ ವೆಬ್‌ಪಾರ್ಟ್! ಬೈಟು ಕಾಫಿಗೆ ಕಲ್ಯಾಣಮಂಟಪ ಬುಕ್ ಮಾಡಿದ ಹಾಗೆ.

ಬರೆದವರನ್ನ ಕೇಳಿದ್ರೆ, "ಶೇರ್‌ಪಾಯಿಂಟ್‌ಗೆ ತಾನೇ ಸರ್ ಬರೀತಿರೋದು?" ಹೆಸರು ನೋಡಿ ಮರುಳಾಗೋದು ಅಂದ್ರೆ ಇದೇ. ಆ ಕ್ಲಾಸು 2003ರ ಕಾಲದ್ದು. 2005ರಲ್ಲಿ ಎಎಸ್‌ಪಿ ಡಾಟ್ ನೆಟ್ 2.0 (ಶೇರ್‌ಪಾಯಿಂಟ್‌ನ ಕೆಳಗಿರೋ ಮೈಕ್ರೋಸಾಫ್ಟ್‌ನ ವೆಬ್ ವೇದಿಕೆ) ತನ್ನದೇ ವೆಬ್‌ಪಾರ್ಟ್ ಕ್ಲಾಸ್ ತಂತು. 2007ರ ಶೇರ್‌ಪಾಯಿಂಟ್‌ನಲ್ಲಿ ಹಳೇ ಕ್ಲಾಸನ್ನ ಅದರಿಂದಲೇ ಇನ್‌ಹೆರಿಟ್ ಮಾಡಿಸಿ ಉಳಿಸಿಕೊಂಡರು, ಹಳೇ ಕೋಡು ಮುರೀಬಾರದು ಅಂತ. ಹೊಸದಕ್ಕೆ ಎಎಸ್‌ಪಿ ಡಾಟ್ ನೆಟ್‌ದನ್ನೇ ಬಳಸಿ ಅಂತ ಮೈಕ್ರೋಸಾಫ್ಟೇ ಆಗ ಹೇಳಿತ್ತು. ಯಾರು ಓದ್ತಾರೆ?

"ಶೇರ್‌ಪಾಯಿಂಟ್ ಕ್ಲಾಸಲ್ಲಿ ಫೀಚರ್ ಜಾಸ್ತಿ ಸರ್." ಹೌದಪ್ಪ, ಇದೆ. ಬೇರೆ ಪೇಜಿನ ಪಾರ್ಟ್ ಜೊತೆ ಕನೆಕ್ಷನ್ (ಡೇಟಾ ಕೊಟ್ಟು ತಗೊಳ್ಳೋ ಕೊಂಡಿ), ಝೋನ್ (ಪೇಜಿನಲ್ಲಿ ಪಾರ್ಟ್ ಕೂರಿಸೋ ಜಾಗ) ಹೊರಗಿನ ಪಾರ್ಟ್‌ಗಳ ಕನೆಕ್ಷನ್, ಬ್ರೌಸರ್‌ನಲ್ಲೇ ನಡೆಯೋ ಕನೆಕ್ಷನ್, ಡೇಟಾಬೇಸ್‌ನಲ್ಲೂ ಇಡಬಹುದಾದ ಕ್ಯಾಶಿಂಗ್ (ಡೇಟಾದ ತಾತ್ಕಾಲಿಕ ದಾಸ್ತಾನು). ಗಣೇಶ ಹಬ್ಬದ ರಜೆ ಯಾವತ್ತು ಅಂತ ತೋರಿಸೋಕೆ ಇದರಲ್ಲಿ ಯಾವುದು ಬೇಕು ಸ್ವಾಮಿ?

ಎಷ್ಟೋ ಸಲ ಈ ಕ್ಲಾಸನ್ನ ಬೇಕು ಅಂತ ಆರಿಸಿದ್ದೂ ಅಲ್ಲ. ಫೈಲಿನ ತಲೇಲಿ ಎರಡೂ ನೇಮ್‌ಸ್ಪೇಸ್‌ಗೆ (ಕ್ಲಾಸುಗಳ ಗುಂಪಿಗೆ) ಯೂಸಿಂಗ್ ಸಾಲು ಹಾಕಿರ್ತಾರೆ, ಎರಡರಲ್ಲೂ ವೆಬ್‌ಪಾರ್ಟ್ ಅನ್ನೋ ಕ್ಲಾಸಿದೆ. ವೆಬ್‌ಪಾರ್ಟ್ ಅಂದ್ರೆ ಯಾವುದು ಅಂತ ಕಂಪೈಲರ್ ಸಿಎಸ್0104 ಅನ್ನೋ ಎರರ್ ಎಸೆಯುತ್ತೆ. ಕೈಗೆ ಸಿಕ್ಕ ಒಂದು ಯೂಸಿಂಗ್ ಅಳಿಸಿದರೆ ಬಿಲ್ಡ್ ಹಸಿರು. ಆರ್ಕಿಟೆಕ್ಚರ್ ನಿರ್ಧಾರ ಮುಗೀತು! (ರಿವ್ಯೂ ಕಾಮೆಂಟಲ್ಲಿ ಇಷ್ಟು ಖಾರ ಹಾಕಿದ್ರೆ ಎಚ್‌ಆರ್ ಕರೀತಾರೆ, ಅದಕ್ಕೇ ಇಲ್ಲಿ.)

ಆಮೇಲೆ ಎಎಸ್‌ಪಿ ಡಾಟ್ ನೆಟ್ ಕ್ಲಾಸಿಗೆ ಬದಲಾಯಿಸ್ತೀವಿ ಅನ್ನೋರು ಕೇಳಿ. ಪಾರ್ಟನ್ನ ಪೇಜಿಗೆ ಬರೆಯೋ ಮೆಥಡ್ಡು, ರೆಂಡರ್‌ವೆಬ್‌ಪಾರ್ಟ್ ಅಂತ ಓವರ್‌ರೈಡ್ ಮಾಡಿದ್ದು, ರೆಂಡರ್‌ಕಂಟೆಂಟ್ಸ್ ಆಗಬೇಕು. ಅಲ್ಲಿ ಕಂಪೈಲರ್ರೇ ಕಿರುಚುತ್ತೆ, ಬಚಾವ್. ಕಾಡೋದು ಪ್ರಾಪರ್ಟಿಗಳು. ವೆಬ್‌ಪಾರ್ಟ್‌ಸ್ಟೋರೇಜ್ ಅನ್ನೋ ಆಟ್ರಿಬ್ಯೂಟ್ (ಪ್ರಾಪರ್ಟಿ ಮೇಲೆ ಹಾಕೋ ಗುರುತು) ಬದಲು ಪರ್ಸನಲೈಸಬಲ್ ಹಾಕದಿದ್ರೆ ಬಿಲ್ಡ್ ಆಗುತ್ತೆ, ಪೇಜೂ ಬರುತ್ತೆ, ಸೆಟ್ಟಿಂಗ್ ಮಾತ್ರ ಉಳಿಯಲ್ಲ. ವೆಬ್‌ಬ್ರೌಸಬಲ್ ಮರೆತ್ರೆ ಎಡಿಟ್ ಪೇನ್‌ನಲ್ಲಿ ಆ ಪ್ರಾಪರ್ಟಿಯ ಬಾಕ್ಸೇ ಕಾಣಲ್ಲ. ಎಡಿಟ್ ಪೇನ್‌ಗೆ ನಿಮ್ಮದೇ ಟೂಲ್‌ಪಾರ್ಟ್ ಬರೆದಿದ್ರೆ ಎಡಿಟರ್‌ಪಾರ್ಟ್ ಅಂತ ಹೊಸದಾಗಿ ಬರೀಬೇಕು. ಪಾರ್ಟಿನ ವಿವರ ಇರೋ ಡಿಡಬ್ಲ್ಯುಪಿ ಫೈಲ್ ಹೋಗಿ ಡಾಟ್ ವೆಬ್‌ಪಾರ್ಟ್ ಬರಬೇಕು.

ಈಗಾಗಲೇ ಪೇಜುಗಳಲ್ಲಿ ಕೂತಿರೋ ಪಾರ್ಟ್ ಆಗಿದ್ರೆ ಅದೇ ಕ್ಲಾಸಿನ ಬೇಸ್ ಬದಲಾಯಿಸೋಕೆ ಹೋಗಲೇಬೇಡಿ. ಅದರ ಸೆಟ್ಟಿಂಗ್ ಎಲ್ಲಾ ಹಳೇ ರೂಪದಲ್ಲಿ ಸೇವ್ ಆಗಿರುತ್ತೆ. ಹೊಸ ಹೆಸರಲ್ಲಿ ಹೊಸ ಕ್ಲಾಸ್ ಬರೆದು, ವೆಬ್ ಕಾನ್ಫಿಗ್‌ನ ಸೇಫ್‌ಕಂಟ್ರೋಲ್‌ಗೆ (ಓಡಲು ಅನುಮತಿ ಇರೋ ಪಾರ್ಟ್‌ಗಳ ಪಟ್ಟಿಗೆ) ಸೇರಿಸಿ, ಒಂದೊಂದೇ ಪೇಜಿನಲ್ಲಿ ಹಳೇದನ್ನ ತೆಗೆದು ಇದನ್ನ ಹಾಕ್ತಾ ಹೋಗಿ.