ನಾಲ್ಕನೆಯವನ ಹ್ಯಾಮ್‌ಸ್ಟ್ರಿಂಗ್

ಗಾಯಾಳು ‘ಡೇ ಟು ಡೇ’, ದಿನದಿನ ನೋಡೋಣ, ಅಂದರೆ ಎಷ್ಟು ದಿನ? ಬೇಸ್‌ಬಾಲ್ ನೋಡುವವರಿಗೆಲ್ಲ ಗೊತ್ತು: ಕಡಿಮೆಯೆಂದರೂ ಮೂರು ವಾರ. ಪಂದ್ಯ ಮುಗಿದ ಮೇಲೆ ಮ್ಯಾನೇಜರು ಮೈಕಿನ ಮುಂದೆ ಕೂತು, ‘ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಸ್ವಲ್ಪ ಬಿಗಿಯಾಗಿದೆ ಅಷ್ಟೆ, ಡೇ ಟು ಡೇ’ ಅಂತಾರೆ. ಈ ವಾರ ಮತ್ತೆ ಅದನ್ನು ಕೇಳಿದ್ದಾಯಿತು. ಆಸಾಮಿಯೂ ಅದೇ, ತಂಡದ ನಾಲ್ಕನೇ ಔಟ್‌ಫೀಲ್ಡರ್, ಅಂದರೆ ಮೈದಾನದ ದೂರದ ಭಾಗ ಕಾಯುವ ಮೂವರಿಗೆ ಬದಲಿಯಾಗಿ ಬೆಂಚಿನಲ್ಲಿ ಕೂರುವವ. ಯಾವ ತಂಡ ಅಂತ ಕೇಳಬೇಡಿ. ಬೇಸ್‌ಬಾಲಿನ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗಿನ ಮೂವತ್ತು ತಂಡಗಳಲ್ಲೂ ಅಂಥವನೊಬ್ಬ ಇರುತ್ತಾನೆ. ನಿಮ್ಮವನ ಹೆಸರು ಈಗಾಗಲೇ ನಿಮ್ಮ ನಾಲಿಗೆ ತುದಿಗೆ ಬಂದಿದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲೋ ಸನಿವೇಲಿನಲ್ಲೋ ಕೊನೆಯ ಮೀಟಿಂಗ್ ಮುಗಿಸಿ, ಕುಕ್ಕರ್ ಇಟ್ಟು, 6:45ರ ಪಂದ್ಯ ಹಾಕಿಕೊಂಡು ಕೂರುವ ನಮ್ಮವರಿಗೆ ಮೊದಮೊದಲು ಇವನೂ ಕ್ರಿಕೆಟ್ಟಿನ ಹನ್ನೆರಡನೆಯವನ ಹಾಗೆ ನೀರು ತಂದುಕೊಡುವವ ಅನ್ನಿಸುತ್ತದೆ. ಒಂದು ಸೀಸನ್ ನೋಡಿದ ಮೇಲೆ ಲೆಕ್ಕ ತಿಳಿಯುತ್ತದೆ. ತಂಡದ ಪಟ್ಟಿಯಲ್ಲಿ 26 ಜನ. ಚೆಂಡೆಸೆಯುವ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ, ಕಡಿಮೆ ಇಟ್ಟುಕೊಳ್ಳುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಇಲ್ಲ. ಉಳಿದ 13ರಲ್ಲಿ ಒಂಬತ್ತು ಜನ ಬ್ಯಾಟಿಂಗಿಗೆ. ಬೆಂಚಿಗೆ ನಾಲ್ಕು. ಅವರಲ್ಲೊಬ್ಬ ಎರಡನೇ ಕ್ಯಾಚರ್, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವವ. ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲದ ಆಟ ಇದು. ಮೊದಲನೇ ಕ್ಯಾಚರಿನ ಬೆರಳಿಗೆ ಪೆಟ್ಟು ಬಿದ್ದರೆ ಏನು ಗತಿ ಎಂಬ ಭಯಕ್ಕೆ ಅವನನ್ನು ಯಾರೂ ಮುಟ್ಟುವುದಿಲ್ಲ. ಇನ್ನು ಮೂವರು. ಅವರಲ್ಲೊಬ್ಬ ‘ಡೇ ಟು ಡೇ’.

ಗಾಯಾಳುಗಳ ಪಟ್ಟಿ ಐಎಲ್‌ಗೆ ಹಾಕಿದರೆ ಕನಿಷ್ಠ 10 ದಿನ ಹೋಗುತ್ತದಲ್ಲ ಅಂತ ತಂಡ ಕಾಯುತ್ತದೆ. ಒಂದು ದಿನ, ಎರಡು ದಿನ, ನಾಲ್ಕು ದಿನ. ಹಿಂದಿನ ತಾರೀಖು ಹಾಕಿ ಸೇರಿಸಲು ನಿಯಮ ಬಿಡುವುದು ಮೂರೇ ದಿನ, ಮಿಕ್ಕಿದ್ದು ಸುಮ್ಮನೆ ನಷ್ಟ. ಐದನೇ ದಿನ ಎಂಆರ್‌ಐ, ಆರನೇ ದಿನ ಐಎಲ್. ಅಷ್ಟರಲ್ಲಿ ಒಂದು ರಾತ್ರಿ, ಒಂಬತ್ತನೇ ಇನ್ನಿಂಗ್ಸಿನಲ್ಲಿ, ಬೇರೆ ಗತಿಯಿಲ್ಲದೆ ಒಳಗಿನ ಬೇಸ್ ಕಾಯುವ ಸೆಕೆಂಡ್ ಬೇಸ್‌ಮನ್ನನ್ನು ದೂರದ ಲೆಫ್ಟ್ ಫೀಲ್ಡಿಗೆ ಅಟ್ಟಿರುತ್ತಾರೆ. ಚೆಂಡು ಏಳುತ್ತದೆ. ಆತ ಎರಡು ಹೆಜ್ಜೆ ಮುಂದೆ ಬರುತ್ತಾನೆ, ತಪ್ಪಾಯಿತೆಂದು ಐದು ಹೆಜ್ಜೆ ಹಿಂದೆ ಹೋಗುತ್ತಾನೆ, ಎಡಕ್ಕೆ ತಿರುಗಿ ಬಲಕ್ಕೆ ಕೈ ಚಾಚುತ್ತಾನೆ. ಚೆಂಡು ಇವನ ಪರದಾಟವನ್ನೆಲ್ಲ ಮೇಲಿನಿಂದ ನೋಡಿ, ತನಗೆ ಬೇಕಾದ ಕಡೆ ಬೀಳುತ್ತದೆ. ಎದುರಾಳಿಗಳಲ್ಲಿ ಇಬ್ಬರು ಮನೆ ಸೇರುತ್ತಾರೆ, ಎರಡು ರನ್. ಕ್ಯಾಮೆರಾ ನೇರ ಬೆಂಚಿನ ಕಡೆ ತಿರುಗುತ್ತದೆ. ಅಲ್ಲಿ ನಮ್ಮ ನಾಲ್ಕನೆಯವ ತೊಡೆಗೆ ಪಟ್ಟಿ ಸುತ್ತಿಕೊಂಡು ಸೂರ್ಯಕಾಂತಿ ಬೀಜ ಉಗುಳುತ್ತಿರುತ್ತಾನೆ. ಊಟಕ್ಕಿಲ್ಲದ ಉಪ್ಪಿನಕಾಯಿ.

ಪಾಪ, ಅವನ ಕೆಲಸವೇ ಸ್ನಾಯು ಹರಿದುಕೊಳ್ಳುವಂಥದ್ದು. ಎಂಟನೇ ಇನ್ನಿಂಗ್ಸಿನಲ್ಲಿ ಫೀಲ್ಡಿಂಗಿಗೆ, ಇಲ್ಲವೇ ನಿಧಾನಿಯೊಬ್ಬನ ಬದಲು ಬೇಸ್ ಮೇಲೆ ಓಡಲು, ಒಂಬತ್ತರಲ್ಲಿ ಸಮವಾಗಿ ಹತ್ತನೇ ಇನ್ನಿಂಗ್ಸಿಗೆ ಹೋದರೆ ಸೆಕೆಂಡ್ ಬೇಸ್ ಮೇಲೆ ಪುಕ್ಕಟೆಯಾಗಿ ನಿಲ್ಲಿಸುವ ಓಟಗಾರನ ಜಾಗಕ್ಕೆ. ಎರಡು ಗಂಟೆ ತಣ್ಣಗೆ ಕೂತವನು ಎದ್ದು, ಬೆಂಚಿನ ಹಿಂದಿನ ಓಣಿಯಲ್ಲಿ ನಾಲ್ಕು ಸಲ ಮಂಡಿ ಎತ್ತಿ ಇಳಿಸಿ, ಸೆಕೆಂಡಿಗೆ 29 ಅಡಿಯ ಓಟ ಓಡಬೇಕು. ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಸಾಮಾನ್ಯವಾಗಿ ಪಾದ ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ: ಕಾಲು ಮುಂದಕ್ಕೆ ಚಾಚಿರುತ್ತದೆ, ಸ್ನಾಯು ಪೂರ್ತಿ ಉದ್ದವಾಗಿರುತ್ತದೆ, ಅದೇ ಹೊತ್ತಿಗೆ ಕಾಲಿಗೆ ಬ್ರೇಕ್ ಹಾಕುವ ಕೆಲಸವೂ ಅದರದ್ದೇ. ಮೊದಲ ದರ್ಜೆಯಾದರೆ ಎರಡು ಮೂರು ವಾರ, ಎರಡನೇ ದರ್ಜೆಯಾದರೆ ತಿಂಗಳ ಮೇಲೆ. ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಾಧ್ಯತೆ ಹೆಚ್ಚು, ಅದೂ ವಾಪಸು ಬಂದ ಮೊದಲ ಎರಡು ವಾರದಲ್ಲಿ. ಅಂದರೆ, ಜನ ಚಪ್ಪಾಳೆ ತಟ್ಟಿ ಮುಗಿಸುವಷ್ಟರಲ್ಲಿ.

ಇಷ್ಟಾದರೂ ಇವನ ಪರ ವಾದಿಸಲು ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಗುಣಾಕಾರದ ಗುರುಗಳು ಎಂದು ಕರೆಯೋಣ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ, ತಟ್ಟೆಯಲ್ಲಿ ಬಿಸಿಬೇಳೆಬಾತ್ ಆರುತ್ತಿದ್ದರೂ ಫೋನಿನ ಕ್ಯಾಲ್ಕುಲೇಟರ್ ತೆಗೆಯುವವರು ಇವರು.

‘41 ಪಂದ್ಯಕ್ಕೆ 8 ಹೋಮ್ ರನ್ ಸಾರ್. ಇಡೀ ಸೀಸನ್ನಿನ 162ಕ್ಕೆ ಎಷ್ಟಾಯ್ತು? 32! ಆರೋಗ್ಯವಾಗಿದ್ದಿದ್ರೆ 32 ಹೊಡೀತಿದ್ದ.’

‘ಆರೋಗ್ಯವಾಗಿಲ್ಲವಲ್ಲ ಗುರುಗಳೇ.’

‘ಇದ್ದಿದ್ರೆ ಅಂದೆ.’

ಆ ‘ಇದ್ದಿದ್ರೆ’ಯಲ್ಲಿ ಒಂದು ಇಡೀ ವೃತ್ತಿಜೀವನವೇ ನಡೆಯುತ್ತದೆ. ಕದ್ದ ಬೇಸ್‌ಗಳನ್ನು ನಾಲ್ಕರಿಂದ ಗುಣಿಸಿಯಾಯಿತು, ಡಬಲ್‌ಗಳನ್ನು ಗುಣಿಸಿಯಾಯಿತು, ‘ವಾರ್’ ಎಂಬ ಒಟ್ಟು ಮೌಲ್ಯದ ಅಂಕಿಯನ್ನೂ ಗುಣಿಸಿ 1.1ನ್ನು 4.3 ಮಾಡಿಯಾಯಿತು. ಹಾಗಾದರೆ ಗಾಯವನ್ನೂ ಗುಣಿಸಬೇಕಲ್ಲ? 41 ಪಂದ್ಯಕ್ಕೆ ಎರಡು ಸಲ ಐಎಲ್ ಆದರೆ 162ಕ್ಕೆ ಎಂಟು ಸಲ. ಇದನ್ನು ಹೇಳಿದರೆ ಗುರುಗಳು ಹಪ್ಪಳ ತರಲು ಎದ್ದು ಹೋಗುತ್ತಾರೆ.

ಲೆಕ್ಕ ಕೆಡುವುದು ಇನ್ನೊಂದು ಕಡೆಯೂ ಇದೆ. ಆ 41 ಪಂದ್ಯಗಳನ್ನು ಮ್ಯಾನೇಜರು ಆರಿಸಿ ಕೊಟ್ಟಿರುತ್ತಾರೆ. ಬಲಗೈ ಬ್ಯಾಟುಗಾರನಾದ ಇವನನ್ನು ಎಡಗೈ ಪಿಚರ್ ಬಂದ ದಿನ ಆಡಿಸುತ್ತಾರೆ. ಕಷ್ಟದ ಬಲಗೈಯವ ಬಂದ ದಿನ ಕೂರಿಸುತ್ತಾರೆ. 162 ಆಡಿಸಿದರೆ ಮುಕ್ಕಾಲು ಪಾಲು ಬಲಗೈಯವರನ್ನೇ ಎದುರಿಸಬೇಕು. ಸಾಲದ್ದಕ್ಕೆ, 41 ಪಂದ್ಯ ಅಂದರೆ ಬ್ಯಾಟಿಂಗಿಗೆ ಬಂದದ್ದು ಹೆಚ್ಚುಕಡಿಮೆ 120 ಸಲ. 8 ಹೋಮ್ ರನ್ನಿನಲ್ಲಿ ಮೂರು ಗೋಡೆಗೆ ಸವರಿಕೊಂಡು ಆಚೆ ಹೋಗಿದ್ದರೆ, ಅವನ್ನೇ ಸ್ಯಾನ್ ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕಿನ 415 ಅಡಿಯ ರೈಟ್-ಸೆಂಟರ್ ಮೂಲೆಗೆ ಹೊಡೆದಿದ್ದರೆ ಮೂರೂ ಕ್ಯಾಚ್.

ಗುರುಗಳ ಕೊನೆಯ ಅಸ್ತ್ರ ಬೈರನ್ ಬಕ್ಸ್‌ಟನ್. 2021ರಲ್ಲಿ ಮಿನ್ನೆಸೋಟ ಟ್ವಿನ್ಸ್ ಪರ 61 ಪಂದ್ಯ, 19 ಹೋಮ್ ರನ್, ಗುಣಿಸಿದರೆ 50. ಆ ಚಳಿಗಾಲ ಟ್ವಿನ್ಸ್ ಏಳು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟಿತು. ಮುಂದೆ 92 ಪಂದ್ಯ, ಆಮೇಲೆ 85, ಆಮೇಲೆ 102. 2023ರಲ್ಲಿ ಮಂಡಿ ಕಾಪಾಡಲು ಸೆಂಟರ್ ಫೀಲ್ಡಿಗೇ ಕಳಿಸದೆ ಬರೀ ಬ್ಯಾಟಿಂಗ್ ಮಾಡಿಸಿದರು. 2025ರಲ್ಲಿ 126 ಪಂದ್ಯ ಆಡಿ 35 ಹೊಡೆದರು. ಅದ್ಭುತವೇ, ಆದರೂ ಗುಣಾಕಾರದ 50ಕ್ಕೆ ಇನ್ನೂ 15 ಬಾಕಿ. ಅದೂ ಬಕ್ಸ್‌ಟನ್ ಅಂಥವರಿಗೆ. ನಮ್ಮವ ನಾಲ್ಕನೆಯವ.

ಓಡುವಾಗ ಗಾಯವಾದರೆ ಗೌರವವಾದರೂ ಇದೆ. ಈ ಕುಲದವರಿಗೆ ಕೂತರೂ ಕಷ್ಟ, ಮಲಗಿದರೂ ಕಷ್ಟ. 1990ರಲ್ಲಿ ಟೊರಾಂಟೊ ಬ್ಲೂ ಜೇಸ್‌ನ ಗ್ಲೆನಾಲನ್ ಹಿಲ್ ಕನಸಿನಲ್ಲಿ ಜೇಡ ಅಟ್ಟಿಸಿಕೊಂಡು ಬಂತೆಂದು ನಿದ್ದೆಯಲ್ಲೇ ಎದ್ದು ಓಡಿ ಗಾಜಿನ ಮೇಜಿಗೆ ಬಿದ್ದರು. 1993ರ ಆಗಸ್ಟಿನಲ್ಲಿ ಅದೇ ತಂಡದ ರಿಕಿ ಹೆಂಡರ್ಸನ್ ಕಾಲಿಗೆ ಐಸ್ ಕಟ್ಟಿಕೊಂಡು ನಿದ್ದೆ ಹೋಗಿ, ಬೇಸಿಗೆಯ ನಡುವೆ ಹಿಮಗಾಯ ಮಾಡಿಕೊಂಡರು. ಸ್ಯಾಮಿ ಸೋಸಾಗೆ 2004ರಲ್ಲಿ ಸೀನಿದ್ದಕ್ಕೆ ಬೆನ್ನು ಹಿಡಿಯಿತು. ಎಲ್ಲರೂ ಔಟ್‌ಫೀಲ್ಡರ್‌ಗಳೇ.

ಬೈಯುವಾಗ ಒಂದು ಲೆಕ್ಕ ಮಾತ್ರ ನೆನಪಾಗಿ ಬಾಯಿ ಕಟ್ಟುತ್ತದೆ. 2023ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 7,20,000 ಡಾಲರ್. ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎಯಲ್ಲಿ, ಆ 26 ಜನರನ್ನು ಆರಿಸುವ 40ರ ದೊಡ್ಡ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಕನಿಷ್ಠ 35,800. ಮೇಲಿದ್ದಾಗ ಗಾಯವಾದರೆ ಐಎಲ್ ದಿನಗಳಿಗೂ ಮೇಲಿನ ಸಂಬಳ, ಅವು ಸೇವಾವಧಿಗೂ ಸೇರುತ್ತವೆ; ಅಂಥ 43 ದಿನ ತುಂಬಿದರೆ ಪಿಂಚಣಿಗೆ ಅರ್ಹ. ಕೆಳಗೆ ಗಾಯವಾದರೆ ಕೆಳಗಿನದೇ. ‘ಸ್ವಲ್ಪ ಬಿಗಿ’ ಇದ್ದದ್ದನ್ನು ಬಾಯಿಬಿಟ್ಟು ಹೇಳಿದರೆ ಜಾಗ ಇನ್ನೊಬ್ಬನದು ಎಂದು ಗೊತ್ತಿರುವ ಮೂವತ್ತೊಂದರ ಮನುಷ್ಯ ಇನ್ನೇನು ಹೇಳುತ್ತಾನೆ? ಓಡುತ್ತೇನೆ ಅಂತಾನೆ. ಓಡುತ್ತಾನೆ ಕೂಡ, 60 ಅಡಿ.

ಹಾಗಾಗಿ ಅವನ ಬೆಲೆ ಕಟ್ಟುವವರಿಗೆ ಒಂದು ವಿನಂತಿ. ಐಎಲ್‌ನಲ್ಲಿದ್ದ ದಿನಗಳನ್ನು ಅವನ ತಲೆಗೆ ಕಟ್ಟಬೇಡಿ, ಆಗ ಬದಲಿ ಹುಡುಗ ಬಂದಿರುತ್ತಾನೆ, ಕುರ್ಚಿ ಖಾಲಿಯಿಲ್ಲ. ‘ಡೇ ಟು ಡೇ’ ದಿನಗಳನ್ನು ಎಣಿಸಿ, ಅದೂ ಅವನ ಹೆಸರಿಗಲ್ಲ, ತಂಡದ ಆಫೀಸಿನವರ ಹೆಸರಿಗೆ ಬರೆಯಿರಿ. ಅವರ ವರಸೆ ಹೇಗೆಂದರೆ, 10 ದಿನದ ಐಎಲ್‌ಗೆ ಹಾಕಿದರೆ 26ರ ಪಟ್ಟಿಯಲ್ಲಷ್ಟೇ ಜಾಗ ತೆರವಾಗುತ್ತದೆ. 40ರ ಪಟ್ಟಿಯಲ್ಲಿ ಜಾಗ ಬೇಕಾದರೆ 60 ದಿನದ ಐಎಲ್‌ಗೇ ಹಾಕಬೇಕು. ಮೊನ್ನೆವರೆಗೂ ‘ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದ’ ತೊಡೆ, ತಂಡಕ್ಕೆ ಹೊಸ ಪಿಚರ್ ಸಿಕ್ಕ ಮಧ್ಯಾಹ್ನವೇ 60 ದಿನದ ತೊಡೆಯಾಗಿಬಿಡುತ್ತದೆ.